ಬಿಡುವಿನ ವೇಳೆ: ಗುಳ್ಳಕಾಯಿ ಹಿಡಿದ ಅಜ್ಜಿ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರೂ ಒಂದೊಂದು ವೇಷವನ್ನು ಕಲ್ಪಿಸಿಕೊಂಡು, ದಾಳವನ್ನುರುಳಿಸುತ್ತ ಬಾಯಿಮಾತಿನಲ್ಲಿಯೇ ಕಥೆಯನ್ನು ನಡೆಸಿಕೊಂಡು ಹೋಗುವ ಆಟವೊಂದುಂಟು. 1974ರಲ್ಲಿ ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಇಂತಹುದೊಂದನ್ನು ಹೊರತಂದರು. ಈಗ ನಮ್ಮ ಮಕ್ಕಳೂ ಇದನ್ನು ಬಲ್ಲರು. ಆಡುವವರೆಲ್ಲರೂ ವೀರರು. ಕಥೆ ಹೇಳುವವನು ಮಾತ್ರ ಉಳಿದವರೆಲ್ಲರೂ ಆಗತಕ್ಕದ್ದು: ಅಂಬಿಗ, ಛತ್ರದವಳು, ಸುಂಕದವನು, ಊರ ಕಾವಲುಗಾರ. ರಜೆಯ ದಿನಗಳಲ್ಲಿ ಈ ಹೊಣೆಯು ಮನೆಯ ಹಿರಿಯರ ಮೇಲೆ ಬೀಳುವುದುಂಟಾದ್ದರಿಂದ, ಈ ಸಲ ಆ ಚಿಕ್ಕ ಪಾತ್ರಗಳ ವಿಷಯವಾಗಿ ನಾಲ್ಕು ಮಾತು.

ಹೊಸಬರು ಅಂಬಿಗನಿಗೂ ಮೂರು ತಲೆಮಾರಿನ ವಂಶಾವಳಿಯನ್ನು ಕಟ್ಟುವರು, ಮಕ್ಕಳು ಆಕಳಿಸುವರು. ಇದು ವ್ಯರ್ಥ ಪ್ರಯಾಸವೆಂದೇ ನನ್ನ ಎಣಿಕೆ. ಚನ್ನರಾಯಪಟ್ಟಣದ ಸೀಮೆಯವರು ಈ ವಿದ್ಯೆಗಾಗಿ ದೂರ ಹೋಗಬೇಕಾದುದಿಲ್ಲ. ತಾಲ್ಲೂಕಿನೊಳಗಿನ ಶ್ರವಣಬೆಳಗೊಳದಲ್ಲಿ ದೊಡ್ಡ ಬೆಟ್ಟವನ್ನು ಹತ್ತಿದರೆ, 58 ಅಡಿ ಎತ್ತರದ ಗೊಮ್ಮಟನಿಗೆ ಎದುರಾಗಿ, ಪ್ರಾಕಾರದ ಹೊರಗೆ, ಮುದುಕಿಯೊಬ್ಬಳ ಸಣ್ಣ ವಿಗ್ರಹ ನಿಂತಿರುವುದು. ಆಕೆಯೇ ಗುಳ್ಳಕಾಯಜ್ಜಿ.

ಐತಿಹ್ಯವು ಎಲ್ಲರಿಗೂ ತಿಳಿದದ್ದೇ. ಹತ್ತನೆಯ ಶತಮಾನದ ಕೊನೆಯಲ್ಲಿ ಗಂಗರ ಮಂತ್ರಿಯಾದ ಚಾವುಂಡರಾಯನು ಮೂರ್ತಿಯನ್ನು ಕಡೆಯಿಸಿ, ಇದು ನನ್ನಿಂದಾಯಿತೆಂಬ ಹೆಮ್ಮೆಯಿಂದ ಅಭಿಷೇಕಕ್ಕೆ ತೊಡಗಿದನಂತೆ. ಕೊಡಗಟ್ಟಲೆ ಹಾಲು ಸುರಿದರೂ ಅದು ನಾಭಿಯಿಂದ ಕೆಳಕ್ಕಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದಿದ್ದ ತೊಟ್ಟು ಹಾಲನ್ನು ಎರೆದಳು. ಅದು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದ ಕೆಳಕ್ಕೆ ಹರಿಯಿತು.

ಕಥೆಯು ಈ ಅಜ್ಜಿಗೆ ಕೊಟ್ಟುದು ಎಷ್ಟು ಸ್ವಲ್ಪವೆಂಬುದನ್ನು ನೋಡಿರಿ. ಆಕೆಗೆ ಹೆಸರಿಲ್ಲ, ಕೈಯಲ್ಲಿ ಹಿಡಿದ ಕಾಯಿಯೇ ಹೆಸರಾಯಿತು. ಊರು ಯಾವುದು, ಮಕ್ಕಳೆಷ್ಟು, ಒಂದೂ ಇಲ್ಲ. ಆದರೆ ಆಕೆಗೆ ತನ್ನದೇ ಆದ ಒಂದು ಬಯಕೆಯುಂಟು. ಮಂತ್ರಿಗೆ ಬುದ್ಧಿ ಕಲಿಸಲೆಂದು ಆಕೆ ಬೆಟ್ಟ ಹತ್ತಿದವಳಲ್ಲ, ತಾನೂ ಹಾಲೆರೆಯಬೇಕೆಂದು ಬಂದವಳು. ಚಿಕ್ಕ ಪಾತ್ರದ ಜೀವವೆಲ್ಲ ಇಲ್ಲಿಯೇ ಇರುವುದು. ವೀರರಿಗೆ ದಾರಿ ತೋರಿಸುವುದಕ್ಕೆಂದೇ ಹುಟ್ಟಿದ ಅಂಬಿಗನು ಕೈಕಂಬವೇ ಹೊರತು ಮನುಷ್ಯನಲ್ಲ. ಆಕೆ ಕೂಷ್ಮಾಂಡಿನೀ ದೇವಿಯೇ ಎಂದು ಹೇಳುವವರೂ ಉಂಟು. ಆಟದಲ್ಲಾದರೆ ಅಂತಹ ಗುಟ್ಟನ್ನು ಮೊದಲೇ ಬಿಡುವುದು ಜಾಣತನವಲ್ಲ.

ಇನ್ನೊಂದು ಎಚ್ಚರಿಕೆ. ಅಜ್ಜಿಯು ಹಾಲೆರೆದು ಕಥೆಯಿಂದ ಸರಿದುಬಿಡುವಳು. ಆಕೆಯೇ ಮುಂದೆಯೂ ಜೊತೆಗೆ ನಡೆದು ಕಂಟಕಗಳನ್ನೆಲ್ಲ ಪರಿಹರಿಸುತ್ತ ಹೋದರೆ ವೀರರಿಗೆ ಮಾಡಲು ಕೆಲಸವೇನು ಉಳಿಯಿತು?

ನಮ್ಮ ತೊಗಲುಗೊಂಬೆಯವರೂ ಇದನ್ನು ಬಲ್ಲವರು. ಪರದೆಯ ಹಿಂದೆ ಕುಳಿತವನು ಹತ್ತಾರು ಜನರ ಕಂಠವಾಗಬೇಕಾದದ್ದು ಅಲ್ಲಿಯೂ ಉಂಟಷ್ಟೆ. ರಾಜರ ಗೊಂಬೆ ದೊಡ್ಡದು, ಸಾಮಾನ್ಯರದು ಚಿಕ್ಕದು. ಆದರೂ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬಂದು ಜಗಳ ತೆಗೆದರೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುವರು. ಆಡಿಸುವ ಜನಾಂಗಕ್ಕೇ ಆ ವಿದೂಷಕನ ಹೆಸರು ಅಂಟಿಕೊಂಡಿತು. ರಾಮನ ಹೆಸರಾಗಲಿ ರಾವಣನ ಹೆಸರಾಗಲಿ ಅಂಟಲಿಲ್ಲ.

ಮನೆಯಲ್ಲಿ ಆಡುವವರು ಹೀಗೆ ಮಾಡಿ ನೋಡಬಹುದು. ಹೊಳೆನರಸೀಪುರದ ಬಳಿ ಹೇಮಾವತಿಯನ್ನು ದಾಟಿಸುವ ಅಂಬಿಗನೊಬ್ಬನನ್ನು ಕಲ್ಪಿಸಿರಿ. ಹರಿಗೋಲು ಹತ್ತಿದವರನ್ನೆಲ್ಲ ಅವನು ಕೇಳುವುದು ಒಂದೇ ಮಾತು: “ನನ್ನ ಕರುವನ್ನೆಲ್ಲಾದರೂ ಕಂಡಿರಾ?” ಅಷ್ಟೇ ಸಾಕು. ಎರಡು ವಾರಗಳ ತರುವಾಯ ಕಳ್ಳರ ಗವಿಯಲ್ಲಿ ಕರುವೊಂದು ಕಟ್ಟಿಹಾಕಿರುವುದು ಕಂಡರೆ, ಹೊನ್ನಿನ ಗಂಟನ್ನು ಅಲ್ಲಿಯೇ ಬಿಟ್ಟಾದರೂ ಅದನ್ನು ಹೊಳೆಯವರೆಗೆ ಹೊತ್ತು ತರಬೇಕೆಂದು ಹಟ ಹಿಡಿಯುವ ಮಗುವೊಂದು ಮನೆಯಲ್ಲಿ ಇದ್ದೇ ಇರುವುದು. ಹೊರಬಾರದೆಂದು ವಾದಿಸುವ ಅಣ್ಣನೂ ಇರುವನು. ಆ ವಾದವನ್ನು ನೀವು ತೀರಿಸಲು ಹೋಗಬೇಡಿರಿ, ಅವರೇ ತೀರಿಸಿಕೊಳ್ಳಲಿ.

ಕರುವಿನ ಬಣ್ಣವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು. ಮೊದಲು ಕಂದೆಂದು ಹೇಳಿ ಆಮೇಲೆ ಬಿಳಿಯದೆಂದರೆ ಮಕ್ಕಳು ಸುಮ್ಮನೆ ಬಿಡುವವರಲ್ಲ.