ತಕ್ಕಡಿಗೆ ಮುದ್ರೆ ಇದೆ, ತಂತಿಯನ್ನು ನೋಡುವವರು ಯಾರು?

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಹಸುವೂ ಇದೆ, ರೇಷ್ಮೆಯೂ ಇದೆ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿದ ದಿನ ತೂಕ ಮುಗಿಯುವ ತನಕ ಯಾರೂ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಆದರೆ ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುವಾಗ ನಮ್ಮಲ್ಲಿ ಬಹಳ ಜನ ಚೀಟಿ ಮಡಚಿಕೊಂಡು ಮನೆ ಕಡೆ ಹೊರಟುಬಿಡುತ್ತೇವೆ. ಚೀಟಿಯ ಮೇಲಿನ ಅಂಕಿ ಯಾವ ದಾರಿಯಲ್ಲಿ ಬಂತು ಎಂದು ಕೇಳುವುದನ್ನು ನಾವು ಕಲಿಯಬೇಕು. ಪ್ರತಿ ಮಹಿಳಾ ಸಂಘದಲ್ಲೂ ಆ ದಾರಿಯನ್ನು ಬಲ್ಲ ಇಬ್ಬರಾದರೂ ಹೆಣ್ಣುಮಕ್ಕಳಿರಬೇಕು ಎಂಬುದು ನನ್ನ ಅಭಿಪ್ರಾಯ.

ದಾರಿ ಎಂದರೆ ತಂತಿ. ಎಲೆಕ್ಟ್ರಾನಿಕ್ ತಕ್ಕಡಿ ಹಾಲಿನ ತೂಕ ಹೇಳುತ್ತದೆ. ಪಕ್ಕದ ಪರೀಕ್ಷಾ ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಹೇಳುತ್ತದೆ. ಈ ಎರಡೂ ಅಂಕಿಗಳು ತಂತಿಯ ಮೂಲಕ ಕಂಪ್ಯೂಟರಿಗೆ ಹೋಗಿ, ಅಲ್ಲಿ ದರಪಟ್ಟಿಯೊಂದಿಗೆ ಲೆಕ್ಕವಾಗಿ ಚೀಟಿಯಾಗಿ ಹೊರಬರುತ್ತವೆ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ. ಪರೀಕ್ಷಾ ಯಂತ್ರದ ಅಂಕಿಯನ್ನೂ ತಾಳೆ ನೋಡಬಹುದು. ನಡುವಿನ ತಂತಿ ಮಾತ್ರ ಮೇಜಿನ ಕೆಳಗೆ ದೂಳು ಹಿಡಿದು ಬಿದ್ದಿರುತ್ತದೆ.

ಈ ಯಂತ್ರಗಳು ಮಾತಾಡುವ ರೀತಿಗೆ ಆರ್‌ಎಸ್-232 ಎಂದು ಹೆಸರು. 1960ರಲ್ಲಿ ಬಂದ ಕ್ರಮ, ಈಗಲೂ ತಕ್ಕಡಿಗಳಲ್ಲಿ ಇದೆ. ಆದರೆ ಈಗಿನ ಕಂಪ್ಯೂಟರುಗಳಲ್ಲಿ ಅದಕ್ಕೆ ಬೇಕಾದ ಒಂಬತ್ತು ಪಿನ್ನಿನ ಜಾಗವೇ ಇರುವುದಿಲ್ಲ, ಯುಎಸ್‌ಬಿ ಮಾತ್ರ ಇರುತ್ತದೆ. ಹಾಗಾಗಿ ನಡುವೆ ಬೆರಳುದ್ದದ ಒಂದು ಕನ್ವರ್ಟರ್ ಬೇಕು. ಅದು ಕೈಕೊಟ್ಟರೆ ತಕ್ಕಡಿ ಸರಿಯಿದ್ದರೂ, ಯಂತ್ರ ಸರಿಯಿದ್ದರೂ ಕಂಪ್ಯೂಟರಿಗೆ ಅಂಕಿ ಬರುವುದಿಲ್ಲ.

ಆಗ ಏನಾಗುತ್ತದೆ? ಹೊರಗೆ ಸಾಲು ನಿಂತಿದೆ, ಹಾಲಿನ ಗಾಡಿ ಬರುವ ಹೊತ್ತಾಗಿದೆ. ಪರೀಕ್ಷಕಿ ಅಂಕಿಯನ್ನು ಕೈಯಲ್ಲೇ ಟೈಪ್ ಮಾಡುತ್ತಾಳೆ. ಅವಸರದಲ್ಲಿ 3.8 ಇದ್ದದ್ದು 3.3 ಆಗಬಹುದು, ಎಂಟೂವರೆ ಲೀಟರ್ ಏಳೂವರೆ ಆಗಬಹುದು. ದಿನಕ್ಕೆ ಒಂದೇ ಒಂದು ಲೀಟರ್ ದಾಖಲಾಗದೆ ಉಳಿದರೂ, ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದಲ್ಲೇ ತಿಂಗಳಿಗೆ 150 ರೂಪಾಯಿ ಹೋಯಿತು. ಹಾಲಿನ ಬೆಲೆಯ ನಷ್ಟ ಬೇರೆ. ಬಟವಾಡೆಯ ದಿನ ಅಂಕಿ ತಾಳೆಯಾಗದಿದ್ದರೆ ತಂತಿಯನ್ನು ಯಾರೂ ಬೈಯುವುದಿಲ್ಲ, ಪರೀಕ್ಷಕಿಯನ್ನು ಬೈಯುತ್ತಾರೆ. ಅವಳೂ ನಮ್ಮೂರಿನ ಹೆಣ್ಣುಮಗಳೇ. ಒಂದು ಸಡಿಲ ತಂತಿಯಿಂದ ಹುಟ್ಟಿದ ಅನುಮಾನ ಸಂಘವನ್ನೇ ಎರಡು ಪಾಲು ಮಾಡಬಲ್ಲದು.

‘ಇದು ಕಂಪನಿಯ ಮೆಕ್ಯಾನಿಕ್ ಕೆಲಸ, ನಮಗ್ಯಾಕೆ?’ ಎಂದು ಕೇಳುವವರಿದ್ದಾರೆ. ಯಂತ್ರ ಬಿಚ್ಚುವುದು ಮೆಕ್ಯಾನಿಕ್ ಕೆಲಸವೇ, ಒಪ್ಪುತ್ತೇನೆ. ಆದರೆ ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಡಾಕ್ಟರು ಬರುವ ತನಕ ನಾವು ಕೈಕಟ್ಟಿ ಕೂರುವುದಿಲ್ಲವಲ್ಲ. ತಂತಿಯ ವಿಚಾರದಲ್ಲೂ ಅಷ್ಟು ಮಟ್ಟಿಗೆ ತಿಳಿದಿರಬೇಕು.

ತಿಳಿಯಬೇಕಾದದ್ದು ಬಹಳ ಇಲ್ಲ. ಆರ್‌ಎಸ್-232ರಲ್ಲಿ ಮುಖ್ಯವಾದವು ಮೂರೇ ತಂತಿ. ಒಂದು ಮಾತಾಡಲು, ಒಂದು ಕೇಳಲು, ಒಂದು ಗ್ರೌಂಡ್. ಒಂದು ಯಂತ್ರದ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಬಾಯಿಗೆ ಬಾಯಿ ಸೇರಿಸಿದರೆ ಯಾರಿಗೂ ಏನೂ ಕೇಳಿಸದು. ಇಬ್ಬರ ಮಾತಿನ ವೇಗವೂ ಒಂದೇ ಇರಬೇಕು. ತಕ್ಕಡಿ 9600ರ ವೇಗದಲ್ಲಿ ಹೇಳಿ, ಕಂಪ್ಯೂಟರ್ 2400ರ ವೇಗದಲ್ಲಿ ಕೇಳಿಸಿಕೊಂಡರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯುಎಸ್‌ಬಿ ಕನ್ವರ್ಟರನ್ನು ಕಿತ್ತು ಬೇರೆ ತೂತಿಗೆ ಹಾಕಿದರೆ ಕಂಪ್ಯೂಟರ್ ಅದಕ್ಕೆ ಬೇರೆ ಪೋರ್ಟ್ ನಂಬರ್ ಕೊಡಬಹುದು. ತಂತ್ರಾಂಶ ಹಳೆಯ ನಂಬರಿನಲ್ಲೇ ಕಾಯುತ್ತಾ ಕೂರುತ್ತದೆ. ಕಸ ಗುಡಿಸುವಾಗ ಕಿತ್ತದ್ದನ್ನು ಅದೇ ಜಾಗಕ್ಕೆ ಸಿಕ್ಕಿಸಲು ಒಂದು ಬಣ್ಣದ ಚುಕ್ಕೆ ಸಾಕು.

ಶೀತಲೀಕರಣ ಘಟಕವಿರುವ ಸಂಘಗಳಲ್ಲಿ ಇನ್ನೊಂದು ಮಾತಿದೆ. ಆರ್‌ಎಸ್-232 ತಂತಿ ಸುಮಾರು 15 ಮೀಟರ್ ದಾಟಿದರೆ ನಂಬುವಂತಿಲ್ಲ. ಹಾಲನ್ನು 4 ಡಿಗ್ರಿಗೆ ಇಳಿಸುವ ಟ್ಯಾಂಕಿನ ಕಂಟ್ರೋಲರ್ ಒಂದು ಕಡೆ, ಕಂಪ್ಯೂಟರ್ ದೂರದ ಕೋಣೆಯಲ್ಲಿ ಇದ್ದರೆ ಆರ್‌ಎಸ್-485 ಎಂಬ ಬೇರೆ ಕ್ರಮ ಬೇಕು. ಅದರಲ್ಲಿ ಹೆಣೆದ ಎರಡು ತಂತಿ ಸುಮಾರು 1,200 ಮೀಟರ್ ತನಕ ಅಂಕಿ ಒಯ್ಯುತ್ತದೆ. ಎ ತುದಿಗೆ ಎ, ಬಿ ತುದಿಗೆ ಬಿ ಸೇರಬೇಕು. ಕೆಲವು ತಯಾರಕರು ಈ ಹೆಸರನ್ನು ತಿರುವುಮುರುವು ಬರೆದಿರುತ್ತಾರೆ. ಹಾಗಾಗಿ ಅಂಕಿ ಬರದಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಬಹುದು, ಅದರಿಂದ ಯಂತ್ರ ಕೆಡುವುದಿಲ್ಲ. ಆದರೆ ಏನನ್ನು ಮುಟ್ಟುವ ಮೊದಲೂ ಕರೆಂಟ್ ಆಫ್ ಮಾಡಲೇಬೇಕು. ಈ ತಂತಿಯನ್ನು ಕಂಪ್ರೆಸರ್ ಮತ್ತು ಜನರೇಟರಿನ ಕರೆಂಟ್ ವೈರಿನೊಂದಿಗೆ ಒಂದೇ ಪೈಪಿನಲ್ಲಿ ಎಳೆಯಬಾರದು. ಕಟ್ಟಡದ ಅರ್ತಿಂಗ್ ಸರಿಯಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕನ್ವರ್ಟರ್ ಸುಟ್ಟುಹೋಗುವ ಅಪಾಯ ಹೆಚ್ಚು.

ಹಾಗಾದರೆ ಏನು ಕೇಳೋಣ? ಮೊದಲನೆಯದು ಸಂಘದಿಂದ. ಹಾಲು ಹಾಕುವವಳ ಕಡೆಗೆ ಮುಖ ಮಾಡಿದ ಡಿಸ್‌ಪ್ಲೇ ಪ್ರತಿ ಹೊತ್ತೂ ಉರಿಯುತ್ತಿರಬೇಕು. ಅದರ ಅಂಕಿ ಮತ್ತು ಚೀಟಿಯ ಅಂಕಿ ಒಂದೇ ಇದೆಯೇ ಎಂದು ನೋಡಿಯೇ ಜಾಗ ಬಿಡೋಣ. ಎರಡನೆಯದು, ತಂತಿ ಕೈಕೊಟ್ಟ ದಿನ ಯಂತ್ರದ ಮೇಲೆ ಕಂಡ ಅಂಕಿಯನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು, ಹಾಲು ಹಾಕಿದವಳ ಸಹಿ ಅಥವಾ ಹೆಬ್ಬೆಟ್ಟು ಪಡೆದ ಮೇಲೆಯೇ ಟೈಪ್ ಮಾಡಬೇಕು. ಇದು ಸದಸ್ಯೆಯನ್ನೂ ಕಾಯುತ್ತದೆ, ಪರೀಕ್ಷಕಿಯನ್ನೂ ಕಾಯುತ್ತದೆ. ಮೂರನೆಯದು, ಸಂಘದ ಬೀರುವಿನಲ್ಲಿ ಒಂದು ಹೆಚ್ಚುವರಿ ಕನ್ವರ್ಟರ್ ಮತ್ತು ಒಂದು ತಂತಿ ಇರಬೇಕು. ಯಾವ ತಂತಿ ಎಲ್ಲಿಗೆ, ಯಾವ ವೇಗ, ಯಾವ ಪೋರ್ಟ್ ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

ಕೊನೆಯದು ಒಕ್ಕೂಟದಿಂದ. ಕಾರ್ಯದರ್ಶಿ ಮತ್ತು ಪರೀಕ್ಷಕಿಯರ ತರಬೇತಿಯಲ್ಲಿ ಅರ್ಧ ದಿನವನ್ನು ಈ ತಂತಿ ಕೆಲಸಕ್ಕೆ ಮೀಸಲಿಡಲಿ, ಯಂತ್ರಗಳನ್ನು ಮುಂದಿಟ್ಟು ಕೈಯಿಂದಲೇ ಮಾಡಿಸಲಿ. ಊರಿನಲ್ಲಿ ಐಟಿಐ, ಡಿಪ್ಲೊಮಾ ಓದಿದ ನಮ್ಮ ಮಕ್ಕಳು, ಸೊಸೆಯರು ಇದ್ದಾರೆ, ಅವರನ್ನೂ ಕರೆಯಲಿ.

ಈ ಸಲದ ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಬೋನಸ್ ಎಷ್ಟು ಎಂದು ಕೇಳುವ ಜೊತೆಗೆ, ಅಕ್ಕತಂಗಿಯರೇ, ಇದನ್ನೂ ಕೇಳಿ: ಕಳೆದ ವರ್ಷ ಎಷ್ಟು ದಿನ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಲಾಯಿತು, ಅದರ ದಾಖಲೆ ಎಲ್ಲಿದೆ? ಉತ್ತರ ಸಿಗದಿದ್ದರೆ, ಅದನ್ನು ಬರೆದಿಡುವ ನಿರ್ಣಯವನ್ನು ಅದೇ ಸಭೆಯಲ್ಲಿ ಮಾಡಿಸಿ.