ಟಿಕೋಟಾದ ದ್ರಾಕ್ಷಿ, ಸ್ಟೈನ್‌ಬೆಕ್‌ನ ದ್ರಾಕ್ಷಿ

ಕಾಲೇಜು ಹುಡುಗರ ಪಾಲಿಗೆ ಅಮೆರಿಕನ್ ಸಾಹಿತ್ಯವೆಂದರೆ ಗೈಡ್ ಹಿಡಿದು ದಾಟುವ ಹೊಳೆ. ಇಂಗ್ಲಿಷ್ ಎಂ.ಎ.ಯಲ್ಲಿ ಅದಕ್ಕೊಂದು ಪತ್ರಿಕೆ ಇರುತ್ತದೆ. ಫ್ರಾಸ್ಟ್, ಹೆಮಿಂಗ್ವೆ, ಸ್ಟೈನ್‌ಬೆಕ್ ಎಂಬ ಹೆಸರುಗಳಿರುತ್ತವೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಹುಡುಗಿ ‘ದ್ರಾಕ್ಷಿಯ ಸಾಂಕೇತಿಕತೆ’ಗೆ ಉತ್ತರವನ್ನು ಬಾಯಿಪಾಠ ಮಾಡುತ್ತಾಳೆ, ಪಾಸೂ ಆಗುತ್ತಾಳೆ. ಕಾದಂಬರಿ ಮಾತ್ರ ಗ್ರಂಥಾಲಯದ ಕಪಾಟಿನಲ್ಲೇ ಉಳಿಯುತ್ತದೆ.

ವಿಜಯಪುರದಲ್ಲಿ ಹೀಗಾಗುವುದು ದೊಡ್ಡ ನಷ್ಟವೇ ಸರಿ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರುವ ತೊರವಿಯಿಂದ ಅಥಣಿ ರಸ್ತೆ ಹಿಡಿದು ಮುಂದೆ ಹೋದರೆ ಟಿಕೋಟಾ. ಅದು ದ್ರಾಕ್ಷಿ ಪಡಗಳ, ಒಣದ್ರಾಕ್ಷಿ ಶೆಡ್ಡುಗಳ ಸೀಮೆ. ಇಲ್ಲಿ ಎಲ್ಲರ ಬಾಯಲ್ಲಿರುವ ‘ಥಾಮ್ಸನ್ ಸೀಡ್‌ಲೆಸ್’ ತಳಿಗೆ ಆ ಹೆಸರು ಬಂದದ್ದು 19ನೇ ಶತಮಾನದಲ್ಲಿ ಅದನ್ನು ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ ವಿಲಿಯಂ ಥಾಮ್ಸನ್ ಎಂಬಾತನಿಂದ. ಬಳ್ಳಿ ಪರದೇಶದ್ದೆಂದು ಟಿಕೋಟಾದ ಯಾವ ರೈತನೂ ಹೆದರಲಿಲ್ಲ.

ಜಾನ್ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಪ್ರಕಟವಾದದ್ದು 1939ರಲ್ಲಿ. ಮಳೆ ಕೈಕೊಟ್ಟು ಮಣ್ಣೇ ಧೂಳಾಗಿ ಹಾರಿಹೋದ ಓಕ್ಲಹೋಮಾದಲ್ಲಿ ಗೇಣಿದಾರರನ್ನು ಬ್ಯಾಂಕು, ಭೂಮಾಲೀಕರು ಒಕ್ಕಲೆಬ್ಬಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಬಿಡಿಸಲು ಆಳು ಬೇಕೆಂಬ ಕರಪತ್ರ ನಂಬಿ ಜೋಡ್ ಕುಟುಂಬ ಹಳೆಯ ಲಾರಿಯಲ್ಲಿ ಹೊರಡುತ್ತದೆ. ದ್ರಾಕ್ಷಿಯನ್ನು ಗೊಂಚಲು ಗೊಂಚಲಾಗಿ ತಿನ್ನುವ ಕನಸು ಕಂಡ ಮುದುಕ ದಾರಿಯಲ್ಲೇ ಸಾಯುತ್ತಾನೆ. ಉಳಿದವರು ಮುಟ್ಟಿದಾಗ ಅಲ್ಲಿ ಕೆಲಸಕ್ಕಿಂತ ಆಳುಗಳೇ ಹೆಚ್ಚು, ಹೀಗಾಗಿ ಕೂಲಿ ಇಳಿಯುತ್ತದೆ. ಇತ್ತ ಜನ ಹಸಿದಿರುವಾಗ ಅತ್ತ ದರ ಬೀಳಬಾರದೆಂದು ಹಣ್ಣು ನಾಶ ಮಾಡುತ್ತಾರೆ.

ಇದರಲ್ಲಿ ಈ ನೆಲಕ್ಕೆ ಹೊಸತು ಯಾವುದಿದೆ? ಕರಪತ್ರದ ಜಾಗದಲ್ಲಿ ಮುಂಗಡ ಕೊಡುವ ಮುಕಾದಮನನ್ನು ನಿಲ್ಲಿಸಿದರೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕಟ್ಟಡ ಕೆಲಸಕ್ಕೆ ಗೋವೆಗೋ ಗುಳೆ ಹೋಗುವ ತಾಂಡಾದ ಕತೆಯಾಗುತ್ತದೆ. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ಬೆಳೆಗಾರನೂ ಬರವನ್ನು ಬಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಬಂದದ್ದು ಇತ್ತೀಚೆಗೆ.

ಮುಖ್ಯವಾದ ಮಾತು ಬೇರೆಯೇ ಇದೆ. ಪಡದ ಮಾಲೀಕರ ಮಗಳು, ಗುಳೆ ಹೋದವರ ಮಗಳು ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿರಬಹುದು. ದರ ಕುಸಿದಾಗ ಬೆಳೆದವನ ಸಂಕಟವೇನೆಂದು ಒಬ್ಬಳಿಗೆ ಗೊತ್ತು. ಕೂಲಿ ಇಳಿಸಿದಾಗ ಒಲೆಯ ಗತಿಯೇನೆಂದು ಇನ್ನೊಬ್ಬಳಿಗೆ ಗೊತ್ತು. ಕಾದಂಬರಿಯನ್ನು ಮುಂದಿಟ್ಟುಕೊಂಡು ಇವರಿಬ್ಬರು ಮಾತಾಡಿದರೆ ಅಂಥ ಚರ್ಚೆ ಯಾವ ಗೈಡಿನಲ್ಲೂ ಸಿಗದು.

ಕವಿತೆಗೂ ಇದೇ ಮಾತು. ರಾಬರ್ಟ್ ಫ್ರಾಸ್ಟ್‌ನ ‘ಮೆಂಡಿಂಗ್ ವಾಲ್’ 1914ರದು. ನೆರೆಯ ಇಬ್ಬರು ಒಕ್ಕಲಿಗರು ನಡುವಿನ ಕಲ್ಲುಗೋಡೆ ಸರಿಪಡಿಸುತ್ತಾರೆ. ಗೋಡೆ ಯಾಕೆ ಬೇಕೆಂದು ಒಬ್ಬನ ಪ್ರಶ್ನೆ. ಅಪ್ಪ ಹೇಳಿದ ಮಾತನ್ನೇ ಇನ್ನೊಬ್ಬ ಮತ್ತೆ ಹೇಳುತ್ತಾನೆ. ಪ್ರಶ್ನೆ ಕೇಳುವವನೇ ಜಾಣನೆಂದು ಸಾಮಾನ್ಯವಾಗಿ ಪಾಠವಾಗುತ್ತದೆ. ಆದರೆ ಬಬಲೇಶ್ವರದ ಎರೆಹೊಲದ ಹುಡುಗ, ಬಾಂದುಕಲ್ಲು ಸರಿಸಿದ್ದಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಕಂಡವನು, ಗೋಡೆ ಬೇಕೆಂಬವನ ಪರ ನಿಂತರೆ? ಅದು ತಪ್ಪು ಉತ್ತರವಲ್ಲ. ಅವನು ಕವಿತೆಯನ್ನು ಓದಿದ್ದಾನೆ ಎನ್ನಲು ಅದೇ ಸಾಕ್ಷಿ.

ಒಂದು ಕಾಲಕ್ಕೆ ಪುಸ್ತಕಗಳೇ ಸಿಗುತ್ತಿರಲಿಲ್ಲ. 1964ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಅಮೆರಿಕನ್ ಅಧ್ಯಯನ ಕೇಂದ್ರದ ಗ್ರಂಥಾಲಯಕ್ಕೆ ಅಧ್ಯಾಪಕರು ದೂರದೂರದಿಂದ ಹೋಗುತ್ತಿದ್ದರು. ಈಗ ಆ ಕೊರತೆ ಅಷ್ಟಿಲ್ಲ, ಉಳಿದಿರುವುದು ಇಂಗ್ಲಿಷಿನ ಅಂಜಿಕೆ. ಮೊದಲ ಚರ್ಚೆ ಕನ್ನಡದಲ್ಲೇ ನಡೆಯಲಿ, ಇಂಗ್ಲಿಷ್ ಪುಟ ಆಮೇಲೆ ತೆರೆಯಲಿ. ಪ್ರಶ್ನೆಪತ್ರಿಕೆಯೂ ‘ನಿನ್ನ ಊರಿನ ಅನುಭವದ ಬೆಳಕಿನಲ್ಲಿ ಬರೆ’ ಎಂದು ಒಮ್ಮೆಯಾದರೂ ಕೇಳಲಿ.

ಸಾಹಿತ್ಯ ಎದುರು ದಿಕ್ಕಿನಲ್ಲೂ ಪ್ರಯಾಣ ಮಾಡಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. ಐವತ್ತು ವರ್ಷಗಳ ಬಳಿಕ, 1973ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದರು. ಕೂಡಲಸಂಗಮ ಎಲ್ಲಿದೆಯೆಂದು ತಿಳಿಯದ ಅಮೆರಿಕದ ವಿದ್ಯಾರ್ಥಿಗೂ ಬಸವಣ್ಣನವರು ಸಿಕ್ಕರು. ಟಿಕೋಟಾದ ಹುಡುಗಿಗೆ ಓಕ್ಲಹೋಮಾ ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸಬೇಕಾದೀತು. ಬರ ಎಂದರೇನೆಂದು ತಿಳಿಸಿ ಹೇಳಬೇಕಾಗಿಲ್ಲ.