42 ಮಿಲಿಮೀಟರ್ ಪಾವಿತ್ರ್ಯ

ಕಳೆದ ಸೆಮಿಸ್ಟರ್‌ನ ಸರ್ವೇ ಲ್ಯಾಬ್. ನಮ್ಮ ಬ್ಯಾಚಲ್ಲಿ ನಾಲ್ವರು. ಸ್ಟಾಫ್ ಹಿಡಿಯೋಕೆ ಹೊಳೆನರಸೀಪುರದವನು, ಲೆವೆಲ್ ನೋಡೋಕೆ ಅರಕಲಗೂಡಿನವನು, ದೂರ ಅಳೆಯೋಕೆ ಚನ್ನರಾಯಪಟ್ಟಣದವನು, ರೀಡಿಂಗ್ ಬರೆಯೋಕೆ ಹಾಸನದ ನಾನು. ಕ್ಯಾಂಪಸ್ ಸುತ್ತಿ ಬೆಂಚ್‌ಮಾರ್ಕಿಗೆ ವಾಪಸ್ ಬಂದು ಲೆಕ್ಕ ಹಾಕಿದರೆ 42 ಮಿಲಿಮೀಟರ್ ಕಮ್ಮಿ! ಮತ್ತೆ ಸುತ್ತೋಕೆ ಟೈಮಿಲ್ಲ, ಬಿಸಿಲು ಬೇರೆ. ಒಂದು ಫೋರ್‌ಸೈಟನ್ನು 1.465ರಿಂದ 1.425 ಮಾಡಿದೆ. ಅನುಮಾನ ಬರಬಾರದು ಅಂತ 2 ಮಿಲಿಮೀಟರ್ ತಪ್ಪನ್ನು ಹಾಗೇ ಉಳಿಸಿದೆ. ರೆಕಾರ್ಡಿಗೆ ಪೂರ್ತಿ ಮಾರ್ಕ್ಸ್ ಬಂತು.

ಅವತ್ತು ಶುಕ್ರವಾರ. ನಮಗೆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಮೆಸ್ಸಲ್ಲಿ ನಾನು ಚಿಕನ್ ಬೇಡ ಅಂದೆ. ಅರಕಲಗೂಡಿನ ಗೆಳೆಯ ನಗುತ್ತಾ ಅಂದ: "ಏನಪ್ಪಾ, ಚಿಕನ್ ಬಿಡ್ತೀಯ, 40 ಮಿಲಿಮೀಟರ್ ನುಂಗ್ತೀಯ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಊಟ ಇಳೀಲಿಲ್ಲ.

ಅಲ್ಲಿವರೆಗೆ ಹಾಸ್ಟೆಲಲ್ಲಿ ನಾನು ಒಳ್ಳೆ ಕ್ರೈಸ್ತನಾಗೇ ಇದ್ದೀನಿ ಅಂದ್ಕೊಂಡಿದ್ದೆ. ಕುಡಿಯಲ್ಲ, ಕೆಟ್ಟ ಮಾತು ಆಡಲ್ಲ, ಭಾನುವಾರ ಪೂಜೆ ತಪ್ಪಿಸಲ್ಲ. ಯೋಚಿಸಿದರೆ ಇದೆಲ್ಲ ಒಂಥರಾ ಮಡಿ: ಅದನ್ನ ಮುಟ್ಟಬೇಡ, ಇದನ್ನ ಮುಟ್ಟಬೇಡ. ಬೈಬಲಿನಲ್ಲಿ 'ಪವಿತ್ರ' ಅನ್ನೋದಕ್ಕಿರುವ ಹೀಬ್ರೂ ಮಾತು ಕಾದೋಶ್. ಅದರರ್ಥ ಪ್ರತ್ಯೇಕವಾಗಿ ಇಟ್ಟದ್ದು ಅಂತಲೇ. ಆದರೆ ಸುವಾರ್ತೆಯಲ್ಲಿ ಯೇಸು ಮಾಡೋದು ನೋಡಿ. ಕುಷ್ಠರೋಗಿ ಎದುರು ಬಂದಾಗ ದೂರ ಸರಿಯಲ್ಲ, ಕೈ ಚಾಚಿ ಮುಟ್ಟುತ್ತಾರೆ.

ಪ್ರಪಂಚ ಬಿಟ್ಟು ಪವಿತ್ರರಾದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಎಲ್ಲ ಬಿಟ್ಟು ನಿಂತ ಬಾಹುಬಲಿಗೆ ಕೈಮುಗಿಯದವರು ಯಾರು? ಆದರೆ ನಾವು ಬೆಟ್ಟ ಹತ್ತಿ ನಿಲ್ಲಲ್ಲ. ಪ್ಲೇಸ್‌ಮೆಂಟ್‌ಗೆ ಹೋಗ್ತೀವಿ, ಸೈಟಿಗೆ ಹೋಗ್ತೀವಿ, ಬಿಲ್ಲಿಗೆ ಸಹಿ ಹಾಕ್ತೀವಿ. ನಮ್ಮ ಪಾವಿತ್ರ್ಯ ಇರೋದಾದರೆ ಅಲ್ಲೇ ಇರಬೇಕು.

ಅಬ್ಬೆ ದ್ಯುಬುವಾ ಅನ್ನೋ ಫ್ರೆಂಚ್ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದರು, ನಮ್ಮ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದರು. ಇಲ್ಲಿನವರ ಹಾಗೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು ಬದುಕಿದರು. ನಮ್ಮ ಜನರ ಬಗ್ಗೆ ಅವರು ಬರೆದದ್ದನ್ನೆಲ್ಲ ನಾನು ಒಪ್ಪಲ್ಲ. ಇಷ್ಟು ವರ್ಷದಲ್ಲಿ ತನ್ನಿಂದ ಮತಾಂತರ ಆದವರು ಇನ್ನೂರು ಮುನ್ನೂರು ಜನ ಮಾತ್ರ ಅಂತ ಅವರೇ ಒಪ್ಪಿಕೊಂಡರು. ಆದರೆ ಸಿಡುಬಿನ ಲಸಿಕೆಯನ್ನು ಹಳ್ಳಿಗಳಲ್ಲಿ ಸಾವಿರಾರು ಜನಕ್ಕೆ ತಲುಪಿಸಿದರು. ಆಗೆಲ್ಲ ಲಸಿಕೆ ಹಾಕಿಸಿಕೊಂಡವರ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಮಡಿ ನೋಡುತ್ತಾ ಕೂತಿದ್ದರೆ ಆಗುವ ಕೆಲಸವಲ್ಲ ಅದು.

ಇನ್ನು ನಮ್ಮನೆ ವಿಷಯ. ಅಜ್ಜಿ ಶೆಟ್ಟಿಹಳ್ಳಿಯವರು. ಹೌದು, ನೀವೆಲ್ಲ ಬೈಕಲ್ಲಿ ಹೋಗಿ ಫೋಟೋ ತೆಗೆಸ್ಕೊಳ್ಳೋ ಅದೇ ಮುಳುಗುವ ಚರ್ಚು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಲ್ಲಿ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು, ಊರು ಖಾಲಿಯಾಯಿತು. ಜನ ಬೇರೆ ಕಡೆ ಹೋಗಿ ಪ್ರಾರ್ಥನೆ ಮುಂದುವರಿಸಿದರು. ಪಾವಿತ್ರ್ಯಕ್ಕೆ ಗೋಡೆನೇ ಬೇಕು ಅಂತಿದ್ದರೆ ನಮ್ಮದು ಅವತ್ತೇ ಮುಳುಗಿ ಹೋಗಬೇಕಿತ್ತು.

ಸಿವಿಲ್‌ನವರಿಗೆ ಇಲ್ಲಿ ಇನ್ನೊಂದು ಮಾತು. ನೀರು ಎಲ್ಲಿವರೆಗೆ ಬರುತ್ತೆ, ಯಾರ ಮನೆ ಮುಳುಗುತ್ತೆ, ಯಾರದು ಉಳಿಯುತ್ತೆ ಅಂತ ಮೊದಲೇ ಹೇಳೋದು ಯಾವುದು? ಲೆವೆಲ್ ಬುಕ್ಕು. ಎಲ್ಲೋ ಯಾರೋ ಬಿಸಿಲಲ್ಲಿ ನಿಂತು ಬರೆದ ರೀಡಿಂಗು. ನನ್ನ ಅಜ್ಜಿ ನಂಬಿ ಮನೆ ಬಿಟ್ಟದ್ದು ಅಂಥ ಅಂಕಿಗಳನ್ನ. ಅದೇ ಥರದ ಅಂಕಿಯನ್ನ ನಾನು ಎರಡೇ ಸೆಕೆಂಡಲ್ಲಿ ತಿದ್ದಿದ್ದೆ.

ಪಾಪನಿವೇದನೆ ಮಾಡಿ ಸುಮ್ಮನಾಗಬಹುದಿತ್ತು. ಆದರೆ ದೇವರ ಹತ್ತಿರ ಹೇಳಿ ಲೆಕ್ಚರರ್ ಹತ್ತಿರ ಹೇಳದೇ ಇರೋದು ಮತ್ತೆ ಮಡಿಯೇ ಅನ್ನಿಸ್ತು. ಕಷ್ಟ ಏನಂದ್ರೆ, ನಾನು ಬಾಯಿಬಿಟ್ಟರೆ ಉಳಿದ ಮೂವರ ಮಾರ್ಕ್ಸೂ ಹೋಗುತ್ತೆ. ನನ್ನ ಆತ್ಮಶುದ್ಧಿಗೆ ಗೆಳೆಯರು ಯಾಕೆ ದಂಡ ಕಟ್ಟಬೇಕು? ಮೊದಲು ಅವರಿಗೇ ಹೇಳಿದೆ. ಇಬ್ಬರು ಸರಿ ಅಂದರು, ಚನ್ನರಾಯಪಟ್ಟಣದವನು ಮಾತ್ರ ಸಿಟ್ಟಾದ. ಕೊನೆಗೆ ತಿದ್ದಿದ್ದು ನಾನೇ ಅಂತ ಒಬ್ಬನೇ ಹೋಗಿ ಹೇಳಿದೆ. ನನ್ನ ಮಾರ್ಕ್ಸ್ ಕಡಿತ ಆಯ್ತು, ಬ್ಯಾಚಿಗೆ ಲೆವೆಲಿಂಗ್ ಮತ್ತೆ ಮಾಡಿಸಿದರು. ಈ ಸಲ ಬಂದ ತಪ್ಪು 6 ಮಿಲಿಮೀಟರ್, ಅಷ್ಟನ್ನೂ ಹಾಗೇ ಬರೆದೆವು. ಸಿಟ್ಟಾದವನು ಸ್ವಲ್ಪ ದಿನ ಮಾತಾಡಲಿಲ್ಲ, ಈಗಲೂ ಮೊದಲಿನಷ್ಟು ಸಲುಗೆ ಇಲ್ಲ. ಅದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಜಾತ್ಯತೀತ ಕ್ಯಾಂಪಸಲ್ಲಿ ನಂಬಿಕೆ ಉಳಿಸಿಕೊಳ್ಳೋದು ಕಷ್ಟ ಅಂತ ಚರ್ಚಲ್ಲಿ ಹಿರಿಯರು ಎಚ್ಚರಿಸ್ತಾರೆ. ನನ್ನ ಅನುಭವ ಬೇರೆ. ನನ್ನ ತಪ್ಪನ್ನು ನನಗೆ ತೋರಿಸಿದವನು ಚರ್ಚಿನ ಬಾಗಿಲನ್ನೇ ನೋಡದ ಅರಕಲಗೂಡಿನ ಹುಡುಗ, ಅದೂ ಮೆಸ್ಸಿನ ಟೇಬಲ್ಲಲ್ಲಿ. ಇಂಥ ಗೆಳೆಯರಿಂದ ದೂರ ಇದ್ದು ನಾನು ಯಾವ ಪವಿತ್ರನಾಗಲಿ?

ಮುಂದಿನ ತಪಸ್ಸುಕಾಲದಲ್ಲೂ ಶುಕ್ರವಾರ ಚಿಕನ್ ಬಿಡ್ತೀನಿ. ರೀಡಿಂಗನ್ನು ಮಾತ್ರ ಬಂದ ಹಾಗೇ ಬರೀತೀನಿ.